ಗಡಿಯಲ್ಲಿ ಬಸ್ಸು ನಿಂತಾಗ ಇಳಿದು ನಡೆಯಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ವಿದೇಶ ಪ್ರವಾಸದ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿದ್ದವು. ಸಿಂಗಪುರದಲ್ಲಿರುವ ಮಕ್ಕಳ ಮನೆಗೆ ಹೋದವರು ಅಲ್ಲಿಂದ ಒಂದು ದಿನದ ಮಟ್ಟಿಗೆ ಮಲೇಷ್ಯಾದ ಜೋಹೊರ್ ಬಾರು ಪಟ್ಟಣಕ್ಕೆ ಹೋಗಿಬರುವುದು ಈಗ ವಾಡಿಕೆಯಾಗಿದೆ. ಹೋಗಿಬಂದವರು ಊರಿನ ಬಗ್ಗೆ ಹೇಳುವುದಕ್ಕಿಂತ ಗಡಿಯಲ್ಲಿ ಕಾದದ್ದರ ಬಗ್ಗೆಯೇ ಹೆಚ್ಚು ಹೇಳುತ್ತಾರೆ. ಆದ್ದರಿಂದ ಆ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡು ಇಲ್ಲಿ ಉತ್ತರಿಸಲಾಗಿದೆ. ಕೊನೆಯ ಪ್ರಶ್ನೆ ಮಾತ್ರ ನೇಪಾಳದ ಗಡಿಗೆ ಸಂಬಂಧಿಸಿದ್ದು.

ಪ್ರಶ್ನೆ: ಮಾನ್ಯರೇ, ನಮ್ಮ ಮಗ ಸಿಂಗಪುರದಲ್ಲಿ ಕೆಲಸದಲ್ಲಿದ್ದಾನೆ. ನಾನೂ ನನ್ನ ಪತ್ನಿಯೂ ಡಿಸೆಂಬರ್‌ನಲ್ಲಿ ಅವನಲ್ಲಿಗೆ ಹೋಗುವವರಿದ್ದೇವೆ. ನಮಗಿಬ್ಬರಿಗೂ ಅರವತ್ತು ದಾಟಿದೆ. ಒಂದು ಶನಿವಾರ ಜೋಹೊರ್ ಬಾರುವಿಗೆ ಕರೆದುಕೊಂಡು ಹೋಗುತ್ತೇನೆಂದು ಮಗ ಹೇಳುತ್ತಾನೆ. ಆದರೆ ಗಡಿಯ ದಾರಿಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಲ್ಲುತ್ತವೆ, ಬೇಸತ್ತ ಜನ ಬಸ್ಸಿನಿಂದ ಇಳಿದು ನಡೆದೇ ದೇಶ ದಾಟುತ್ತಾರೆ ಎಂದು ಅವನ ಸ್ನೇಹಿತರು ಹೇಳಿದರಂತೆ. ಹಾಗೆ ನಡೆಯಲು ಅವಕಾಶವಿದೆಯೇ? ನಮ್ಮ ವಯಸ್ಸಿನವರಿಗೆ ಅದು ಸಾಧ್ಯವೇ? (ಓದುಗರು, ಮೈಸೂರು)

ಉತ್ತರ: ನಡೆದು ದಾಟುವವರು ಇದ್ದಾರೆ, ದಟ್ಟಣೆಯ ದಿನಗಳಲ್ಲಿ ಸಾಲುಸಾಲಾಗಿ ನಡೆಯುತ್ತಾರೆ. ಆದರೆ ನಡೆದವರೆಲ್ಲರಿಗೂ ಸಮಯ ಉಳಿಯುತ್ತದೆ ಎಂದು ತಿಳಿಯಬೇಡಿ. ಯಾವ ತಡವನ್ನು ಕಾಲ್ನಡಿಗೆ ತಪ್ಪಿಸುತ್ತದೆ, ಯಾವುದನ್ನು ತಪ್ಪಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಇಳಿಯಬೇಕೋ ಕೂರಬೇಕೋ ಎಂಬ ತೀರ್ಮಾನ ಸುಲಭವಾಗುತ್ತದೆ.

ಸಿಂಗಪುರದ ಉತ್ತರ ತುದಿಯ ವುಡ್‌ಲ್ಯಾಂಡ್ಸ್ ಮತ್ತು ಮಲೇಷ್ಯಾದ ಜೋಹೊರ್ ಬಾರು ಪಟ್ಟಣದ ನಡುವೆ ಒಂದು ಕಿರಿದಾದ ಜಲಸಂಧಿಯಿದೆ. ಅದಕ್ಕೆ ಅಡ್ಡಲಾಗಿ ಕಲ್ಲು ಸುರಿದು ಕಟ್ಟಿದ ಏರಿಯ ಮೇಲೆ ರಸ್ತೆ ಹಾದುಹೋಗುತ್ತದೆ. ಅದನ್ನು ಅಲ್ಲಿಯವರು ಕಾಸ್‌ವೇ ಎನ್ನುತ್ತಾರೆ. ಉದ್ದ 1,056 ಮೀಟರ್ ಮಾತ್ರ. ಈ ಒಂದು ಕಿಲೋಮೀಟರ್ ದಾಟಲು ರಜೆಯ ದಿನಗಳಲ್ಲಿ ಕಾರುಗಳಿಗೆ ಮೂರು ಗಂಟೆ ಹಿಡಿಯಬಹುದು ಎಂದು ಸಿಂಗಪುರದ ವಲಸೆ ಇಲಾಖೆಯೇ ಆಗಾಗ ಎಚ್ಚರಿಸುತ್ತದೆ.

ಬಸ್ಸಿನಲ್ಲಿ ಹೋಗುವವರು ಎರಡು ಸಲ ಇಳಿಯಬೇಕು. ಮೊದಲು ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟ್‌ನಲ್ಲಿ ಸಾಮಾನು ಸಮೇತ ಇಳಿದು, ಮೇಲಿನ ಸಭಾಂಗಣದಲ್ಲಿ ಪಾಸ್‌ಪೋರ್ಟ್ ತೋರಿಸಿ ಸಿಂಗಪುರದಿಂದ ನಿರ್ಗಮಿಸಬೇಕು. ಅನಂತರ ಕೆಳಗಿಳಿದು ಮತ್ತೆ ಬಸ್ಸು ಹತ್ತಿ ಏರಿಯನ್ನು ದಾಟಿ, ಆ ಕಡೆಯ ಸುಲ್ತಾನ್ ಇಸ್ಕಂದರ್ ಕಟ್ಟಡದಲ್ಲಿ ಇಳಿದು ಮಲೇಷ್ಯಾದ ಪ್ರವೇಶ ಮುದ್ರೆ ಹಾಕಿಸಿಕೊಳ್ಳಬೇಕು. ನೀವು ಬಂದ ಬಸ್ಸು ನಿಮಗಾಗಿ ಕಾಯುವುದಿಲ್ಲ. ಅದೇ ಕಂಪನಿಯ ಮುಂದಿನ ಬಸ್ಸನ್ನು ಹಳೆಯ ಟಿಕೆಟ್ ತೋರಿಸಿಯೋ ಕಾರ್ಡ್ ತಾಗಿಸಿಯೋ ಹತ್ತಬೇಕು. ಮೊದಲ ಬಾರಿ ಹೋಗುವವರಿಗೆ ಇದು ಗೊತ್ತಿರುವುದಿಲ್ಲ. ಬ್ಯಾಗನ್ನು ಸೀಟಿನ ಮೇಲೆ ಬಿಟ್ಟು ಇಳಿದು, ಆಮೇಲೆ ಬಸ್ಸು ಎಲ್ಲಿ ಹೋಯಿತೆಂದು ಹುಡುಕುವವರು ಪ್ರತಿ ವಾರವೂ ಇರುತ್ತಾರೆ.

ಎಂದರೆ ನೀವು ಕಾಯಬೇಕಾದ ಸರತಿಗಳು ಮೂರು: ಈ ಕಡೆಯ ಕೌಂಟರಿನದು, ನಡುವಿನ ರಸ್ತೆಯದು, ಆ ಕಡೆಯ ಕೌಂಟರಿನದು. ನಡೆದರೆ ತಪ್ಪುವುದು ನಡುವಿನ ಸರತಿ ಮಾತ್ರ. ಸಿಂಗಪುರದ ಕೌಂಟರ್ ದಾಟಿ ಕೆಳಗಿಳಿದಾಗ ಬಸ್ಸಿನ ಸಾಲು ಮೆಟ್ಟಿಲವರೆಗೆ ಬಂದಿದೆ, ಬಸ್ಸುಗಳೂ ಬರುತ್ತಿಲ್ಲ, ಬಂದವೂ ಕದಲುತ್ತಿಲ್ಲ ಎಂದಾದರೆ ನಡೆಯುವುದರಲ್ಲಿ ಅರ್ಥವಿದೆ. ಬಸ್ಸುಗಳು ನಿಧಾನವಾಗಿಯಾದರೂ ಸಾಗುತ್ತಿದ್ದು, ಜನ ತುಂಬಿರುವುದು ಮಲೇಷ್ಯಾದ ಸಭಾಂಗಣದಲ್ಲಿ ಎಂದಾದರೆ ನೀವು ಬೆವರು ಸುರಿಸಿ ನಡೆದು ಅದೇ ಸಾಲಿನ ಬಾಲ ಹಿಡಿಯುತ್ತೀರಿ, ಅಷ್ಟೇ. ಇದನ್ನು ತಿಳಿಯಲು ಹೊರಡುವ ಮುನ್ನ ಎರಡೂ ತುದಿಗಳ ಸಂಚಾರ ಕ್ಯಾಮೆರಾ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿಕೊಳ್ಳಬಹುದು. ಆದರೆ ಅವು ತೋರಿಸುವುದು ರಸ್ತೆಯನ್ನು; ಸಭಾಂಗಣದೊಳಗಿನ ಜನಸಂದಣಿಯನ್ನಲ್ಲ.

ಇನ್ನು ನಡಿಗೆಯ ವಿಷಯ. ಏರಿಯ ಉದ್ದ ಒಂದು ಕಿಲೋಮೀಟರ್ ಆದರೂ ಎರಡೂ ಕಡೆಯ ಕಟ್ಟಡಗಳು ನೀರಿನಂಚಿನಿಂದ ಒಳಗಿರುವುದರಿಂದ ಸಭಾಂಗಣದಿಂದ ಸಭಾಂಗಣಕ್ಕೆ ಒಂದೂವರೆ ಕಿಲೋಮೀಟರ್‌ಗೂ ಹೆಚ್ಚು ನಡೆಯಬೇಕಾಗುತ್ತದೆ. ಆರೋಗ್ಯವಂತರಿಗೆ ಅರ್ಧ ಗಂಟೆಯ ದಾರಿ. ಏರಿಯ ಮೇಲೆ ನೆರಳಿಲ್ಲ, ಕೂರಲು ಕಟ್ಟೆಯಿಲ್ಲ, ಕುಡಿಯುವ ನೀರು ಸಿಗುವುದಿಲ್ಲ. ಕಾಲುದಾರಿ ಕಿರಿದು; ಎದುರಿನಿಂದ ಸೂಟ್‌ಕೇಸ್ ಎಳೆದುಕೊಂಡು ಬರುವವರಿದ್ದರೆ ಒಬ್ಬರು ಓರೆಯಾಗಿ ನಿಂತು ದಾರಿ ಬಿಡಬೇಕು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಎಂಜಿನ್ ಆರಿಸದೆ ನಿಂತ ಬಸ್ಸುಗಳ ಹೊಗೆ, ಅವುಗಳ ಆಚೆ ನೂರಾರು ಮೋಟರ್‌ಬೈಕ್‌ಗಳ ಗುಯ್‌ಗುಟ್ಟುವಿಕೆ. ಮಧ್ಯಾಹ್ನದ ಬಿಸಿಲಿನಲ್ಲಿ ಡಾಂಬರಿನ ಕಾವು ಚಪ್ಪಲಿಯ ಅಡಿಯಿಂದಲೇ ತಿಳಿಯುತ್ತದೆ. ಡಿಸೆಂಬರ್ ಅಲ್ಲಿ ಮಳೆಗಾಲವಾದ್ದರಿಂದ ಹೊರಟಾಗ ಬಿಸಿಲಿದ್ದು ನಡುದಾರಿಯಲ್ಲಿ ಮಳೆ ಸುರಿಯುವುದೂ ಸಾಮಾನ್ಯ. ಓಡಿಹೋಗಿ ನಿಲ್ಲಲು ಒಂದು ಸೂರೂ ಸಿಗದು. ಸುರಕ್ಷತೆಯ ಕಾರಣಕ್ಕೆ ಅಧಿಕಾರಿಗಳು ನಡೆದು ದಾಟಬೇಡಿ ಎಂದೇ ಸಲಹೆ ಕೊಡುತ್ತಾರೆ. ಆ ದಿನ ಸ್ಥಳದಲ್ಲಿರುವ ಪೊಲೀಸರು ಬಸ್ಸಿಗೇ ಹೋಗಿ ಎಂದರೆ ಮರುಮಾತಾಡದೆ ಹೋಗಬೇಕು.

ಮತ್ತೊಂದು ಸಂಗತಿಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಿಂಗಪುರದ ಕೌಂಟರ್ ದಾಟಿದ ಮೇಲೆ ದಾಖಲೆಯ ಪ್ರಕಾರ ನೀವು ಆ ದೇಶ ಬಿಟ್ಟಾಯಿತು. ಅರ್ಧ ದಾರಿಯಲ್ಲಿ ಮೊಣಕಾಲು ನೋವೆಂದು ಹಿಂತಿರುಗಿದರೆ ಮನೆಗೆ ಸುಮ್ಮನೆ ಹೋಗಲಾಗುವುದಿಲ್ಲ. ಮರುಪ್ರವೇಶಕ್ಕೆ ಬೇಕಾದ ಎಲ್ಲ ವಿಧಿಗಳನ್ನೂ ಹೊಸದಾಗಿ ಮುಗಿಸಬೇಕು.

ನಿಮ್ಮ ವಯಸ್ಸಿಗೆ ಅರ್ಧ ಗಂಟೆಯ ನಡಿಗೆ ದೊಡ್ಡದಲ್ಲದಿರಬಹುದು. ಆದರೆ ಅದಕ್ಕೆ ಮುಂಚೆ ಒಂದು ಗಂಟೆ, ಅನಂತರ ಒಂದು ಗಂಟೆ ಸಾಲಿನಲ್ಲಿ ನಿಂತಿರುತ್ತೀರಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನನ್ನ ಸಲಹೆ ಬೇರೆಯೇ: ಶನಿವಾರವನ್ನೇ ಬಿಡಿ. ಸಿಂಗಪುರದ ಶಾಲೆಗಳಿಗೆ ನವೆಂಬರ್ ಕೊನೆಯಿಂದ ಡಿಸೆಂಬರ್ ಪೂರ್ತಿ ರಜೆ. ಜೋಹೊರ್ ರಾಜ್ಯದಲ್ಲಿ ಮೊದಲು ಶುಕ್ರವಾರ ಮತ್ತು ಶನಿವಾರ ವಾರದ ರಜೆಯಿತ್ತು. 2025ರ ಜನವರಿ 1ರಿಂದ ಅದು ಶನಿವಾರ ಮತ್ತು ಭಾನುವಾರಕ್ಕೆ ಬದಲಾಯಿತು. ಈಗ ಎರಡೂ ಕಡೆಯವರ ರಜೆ ಒಂದೇ ದಿನ ಬೀಳುತ್ತದೆ. ವಾರದ ನಡುವೆ ಮಂಗಳವಾರವೋ ಬುಧವಾರವೋ ಮಗನಿಗೆ ಒಂದು ದಿನ ರಜೆ ಹಾಕಲು ಹೇಳಿ. ಬೆಳಗಿನ ಜಾವ ಮಲೇಷ್ಯಾದ ಕೆಲಸಗಾರರ ಪ್ರವಾಹ ಸಿಂಗಪುರದ ಕಡೆಗೆ ಹರಿಯುತ್ತದೆ, ಸಂಜೆ ಹಿಂದಕ್ಕೆ. ನೀವು ಬೆಳಿಗ್ಗೆ ಹತ್ತರ ಸುಮಾರಿಗೆ ಆ ಕಡೆಗೂ ಮಧ್ಯಾಹ್ನ ಮೂರರ ಸುಮಾರಿಗೆ ಈ ಕಡೆಗೂ ಹೊರಟರೆ ಎರಡು ಸಲವೂ ಜನಸಂದಣಿಯ ಹೊತ್ತು ತಪ್ಪುತ್ತದೆ. ನಡೆಯುವ ಪ್ರಶ್ನೆಯೇ ಬಹುಶಃ ಬರುವುದಿಲ್ಲ. ಆ ಕಸುವು ಉಳಿದರೆ ಜೋಹೊರ್ ಬಾರುವಿನ ಗಾಜಿನ ದೇವಸ್ಥಾನಕ್ಕೆ ನಡೆದು ಹೋಗಿ. ಗೋಡೆ, ಕಂಬ, ಸೂರೆಲ್ಲ ಗಾಜಿನ ಚೂರುಗಳಿಂದ ಮೆತ್ತಿದ ರಾಜಕಾಳಿ ಅಮ್ಮನ ಗುಡಿ ಗಡಿಯ ಕಟ್ಟಡದಿಂದ ದೂರವೇನಿಲ್ಲ.

ಪ್ರಶ್ನೆ: ಒಂದು ಕಿಲೋಮೀಟರ್ ದಾರಿಗೆ ಇಷ್ಟೊಂದು ಜನ ಏಕೆ ಮುಗಿಬೀಳುತ್ತಾರೆ? ಇನ್ನೊಂದು ಸೇತುವೆ ಕಟ್ಟಬಾರದೇ? ಹಿಂದೆ ಇವೆರಡೂ ಒಂದೇ ದೇಶವಾಗಿದ್ದವೆಂದು ಓದಿದ ನೆನಪು. (ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ತಮ್ಮ ನೆನಪು ಸರಿಯಾಗಿದೆ. ಕಾಸ್‌ವೇ ಕಟ್ಟಿದ್ದು ಬ್ರಿಟಿಷರ ಕಾಲದಲ್ಲಿ, ಗಡಿಗಾಗಿ ಅಲ್ಲ, ರೈಲಿಗಾಗಿ. ಅದಕ್ಕೂ ಮೊದಲು ರೈಲಿನ ಬೋಗಿಗಳನ್ನು ದೋಣಿಗಳ ಮೇಲೇರಿಸಿ ಜಲಸಂಧಿ ದಾಟಿಸುತ್ತಿದ್ದರು; ಮಲಯದ ರಬ್ಬರ್ ಮತ್ತು ತವರದ ವ್ಯಾಪಾರ ಬೆಳೆದಂತೆ ಅದು ಸಾಲದಾಯಿತು. 1919ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ರೈಲುಗಳು ಓಡಿದವು, 1924ರ ಜೂನ್‌ನಲ್ಲಿ ಅಧಿಕೃತ ಉದ್ಘಾಟನೆ ನಡೆಯಿತು. ಹತ್ತಿರದ ಪುಲಾವ್ ಉಬಿನ್ ದ್ವೀಪ ಮತ್ತು ಬುಕಿತ್ ತಿಮಾದ ಗಣಿಗಳಿಂದ ಗ್ರಾನೈಟ್ ಕಲ್ಲು ತಂದು ಸುರಿದರು. 1942ರ ಜನವರಿ 31ರಂದು ಜಪಾನೀಯರಿಗೆ ಹೆದರಿ ಹಿಂದೆಗೆದ ಬ್ರಿಟಿಷ್ ಪಡೆ ಏರಿಯ ಒಂದು ಭಾಗವನ್ನು ಸಿಡಿಸಿತು. ಅದರಿಂದ ಜಪಾನೀ ಸೈನ್ಯ ನಿಂತದ್ದು ಕೆಲವೇ ದಿನ.

ಸಿಂಗಪುರ 1963ರಲ್ಲಿ ಮಲೇಷ್ಯಾ ಒಕ್ಕೂಟವನ್ನು ಸೇರಿ 1965ರ ಆಗಸ್ಟ್‌ನಲ್ಲಿ ಬೇರೆಯಾಯಿತು. ದೇಶ ಎರಡಾದ ಮೇಲೂ ಸ್ವಲ್ಪ ಕಾಲ ಜನ ಮೊದಲಿನಂತೆಯೇ ಓಡಾಡುತ್ತಿದ್ದರು. 1967ರಲ್ಲಿ ವಲಸೆ ತಪಾಸಣೆ ಆರಂಭವಾಯಿತು. ಅಂದಿನಿಂದ ಒಂದೇ ಊರಿನ ಎರಡು ಬಡಾವಣೆಗಳಂತಿದ್ದ ಜಾಗಗಳ ನಡುವೆ ಎರಡು ಕೌಂಟರುಗಳು ಬಂದು ಕುಳಿತವು. ಬಾಂಧವ್ಯವಾಗಲಿ ಸಂಬಳದ ವ್ಯತ್ಯಾಸವಾಗಲಿ ಕಡಿಮೆಯಾಗಲಿಲ್ಲ. ಸಿಂಗಪುರ ಡಾಲರ್ ಮೂರು ರಿಂಗಿಟ್‌ಗೂ ಹೆಚ್ಚು ಬೆಲೆಯದಾದ್ದರಿಂದ ಸಿಂಗಪುರದಲ್ಲಿ ದುಡಿದು ಜೋಹೊರ್‌ನಲ್ಲಿ ಮನೆ ಮಾಡುವವರು, ಸಿಂಗಪುರದಲ್ಲಿ ಸಂಬಳ ಪಡೆದು ಜೋಹೊರ್‌ನಲ್ಲಿ ದಿನಸಿ ಕೊಳ್ಳುವವರು, ಹೀಗೆ ಎರಡು ದಿಕ್ಕಿಗೂ ಕಾರಣಗಳಿವೆ. ಪ್ರಪಂಚದಲ್ಲೇ ಅತಿ ಹೆಚ್ಚು ಜನ ದಾಟುವ ಭೂಗಡಿಗಳಲ್ಲಿ ಇದೂ ಒಂದು.

ಎರಡನೇ ಸೇತುವೆಯನ್ನೂ ಕಟ್ಟಿದ್ದಾರೆ. ಪಶ್ಚಿಮದ ತುವಾಸ್‌ನಲ್ಲಿರುವ ಅದು 1998ರಲ್ಲಿ ತೆರೆದುಕೊಂಡಿತು. ಆದರೆ ಅದು ಪಟ್ಟಣದಿಂದ ದೂರ, ಅಲ್ಲಿ ನಡೆದು ದಾಟುವ ವ್ಯವಸ್ಥೆಯೂ ಇಲ್ಲ. ಕಾಸ್‌ವೇ ಬದಿಯಲ್ಲಿ ಹಾದುಹೋಗುವ ದೊಡ್ಡ ಕೊಳವೆಗಳನ್ನು ಗಮನಿಸಿದರೆ ಈ ಎರಡು ಊರುಗಳ ನಂಟು ಎಷ್ಟು ಬಿಗಿಯೆಂದು ತಿಳಿಯುತ್ತದೆ: ಜೋಹೊರ್‌ನ ನೀರು ಸಿಂಗಪುರಕ್ಕೆ ಹೋಗುತ್ತದೆ, ಶುದ್ಧೀಕರಿಸಿದ ನೀರಿನ ಒಂದು ಪಾಲು ಜೋಹೊರ್‌ಗೆ ಮರಳಿ ಬರುತ್ತದೆ.

ಪ್ರಶ್ನೆ: ನನ್ನ ಅತ್ತೆ ಮಾವ ಸಿಂಗಪುರದ ಪ್ರವಾಸಿ ವೀಸಾ ಪಡೆದಿದ್ದಾರೆ. ಮಲೇಷ್ಯಾಕ್ಕೆ ಭಾರತೀಯರಿಗೆ ವೀಸಾ ಬೇಡ ಎನ್ನುತ್ತಾರೆ. ಹಾಗಾದರೆ ಪಾಸ್‌ಪೋರ್ಟ್ ಹಿಡಿದು ಹೋಗಿಬಂದರೆ ಸಾಕಲ್ಲವೇ? (ಓದುಗರು, ಹುಬ್ಬಳ್ಳಿ)

ಉತ್ತರ: ಸಾಲದು. ಈ ಬಾರಿಯ ಪತ್ರಗಳಲ್ಲೆಲ್ಲ ಬಹಳ ಎಚ್ಚರಿಕೆಯಿಂದ ಉತ್ತರಿಸಬೇಕಾದ ಪ್ರಶ್ನೆ ಇದೇ, ಏಕೆಂದರೆ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಹೋಗುವುದು ಒಂದು ಮಧ್ಯಾಹ್ನ. ಇದರಲ್ಲಿ ಎಡವಿದರೆ ಪ್ರವಾಸವೇ ಹೋಗುತ್ತದೆ.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದೆ, ಆ ಸೌಲಭ್ಯವನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದೆ. ಆದ್ದರಿಂದ ಹೋಗುವುದು ಸುಲಭ. ಕಷ್ಟವಿರುವುದು ಮರಳಿ ಬರುವುದರಲ್ಲಿ. ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕೇ ಬೇಕು. ನಿಮ್ಮ ಅತ್ತೆ ಮಾವನವರ ವೀಸಾ ಪತ್ರವನ್ನು ತೆಗೆದು ಅದರಲ್ಲಿ ‘ಮಲ್ಟಿಪಲ್ ಜರ್ನಿ’ ಎಂದಿದೆಯೇ ‘ಸಿಂಗಲ್ ಜರ್ನಿ’ ಎಂದಿದೆಯೇ ಎಂಬುದನ್ನು ಇಂದೇ ನೋಡಿ. ಸಿಂಗಲ್ ಎಂದಿದ್ದರೆ ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಅದು ಮುಗಿದಿದೆ. ಅಂಥವರು ವುಡ್‌ಲ್ಯಾಂಡ್ಸ್‌ನಲ್ಲಿ ಹೊರಬಿದ್ದು ಕಾಸ್‌ವೇ ದಾಟಿದರೆ, ಬ್ಯಾಗು, ಔಷಧಿ, ಊರಿಗೆ ಮರಳುವ ಟಿಕೆಟ್ ಎಲ್ಲವೂ ಸಿಂಗಪುರದ ಮನೆಯಲ್ಲಿ ಉಳಿದು ತಾವು ಮಾತ್ರ ಆಚೆ ದಡದಲ್ಲಿ ನಿಲ್ಲಬೇಕಾಗುತ್ತದೆ. ಮಲ್ಟಿಪಲ್ ಎಂದಿದ್ದರೂ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿ.

ಇದಲ್ಲದೆ ಎರಡು ಅರ್ಜಿಗಳನ್ನು ಅಂತರ್ಜಾಲದಲ್ಲಿ ತುಂಬಬೇಕು. ಮಲೇಷ್ಯಾ ಪ್ರವೇಶಿಸುವ ಮುಂಚಿನ ಮೂರು ದಿನಗಳ ಒಳಗೆ ಆ ದೇಶದ ಡಿಜಿಟಲ್ ಅರೈವಲ್ ಕಾರ್ಡ್, ಸಿಂಗಪುರಕ್ಕೆ ಮರಳುವ ಮುಂಚಿನ ಮೂರು ದಿನಗಳ ಒಳಗೆ ಎಸ್‌ಜಿ ಅರೈವಲ್ ಕಾರ್ಡ್. ವಿಮಾನದಲ್ಲಿ ಬಂದಾಗ ತುಂಬಿದ್ದೇವಲ್ಲ ಎಂದರೆ ಆಗದು. ಪ್ರತಿ ಪ್ರವೇಶಕ್ಕೂ ಹೊಸದು ಬೇಕು. ಸಿಂಗಪುರದ ಕಾಯಂ ನಿವಾಸಿಗಳಿಗೂ ದೀರ್ಘಾವಧಿ ಪಾಸ್ ಇರುವವರಿಗೂ ಭೂಮಾರ್ಗದಲ್ಲಿ ಮರಳುವಾಗ ಎರಡನೆಯದು ಬೇಡವಾದ್ದರಿಂದ, ಎಷ್ಟೋ ಸಲ ಮಕ್ಕಳಿಗೆ ತಂದೆತಾಯಿಯ ಅರ್ಜಿಯ ನೆನಪಾಗುವುದು ಸಾಲಿನಲ್ಲಿ ನಿಂತ ಮೇಲೆ. ಎರಡೂ ಅರ್ಜಿಗಳಿಗೆ ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಸಿಂಗಪುರದವರು 2021ರಿಂದ ವಿದೇಶಿಯರ ಪಾಸ್‌ಪೋರ್ಟಿಗೆ ಮುದ್ರೆ ಹಾಕುವುದಿಲ್ಲ. ಎಷ್ಟು ದಿನ ಇರಬಹುದೆಂಬುದು ಇ-ಮೇಲ್‌ನಲ್ಲಿ ಬರುತ್ತದೆ. ಮರುಪ್ರವೇಶದ ನಂತರ ಬಂದ ಇ-ಮೇಲನ್ನು ಓದಿ, ಏಕೆಂದರೆ ದಿನಗಳ ಲೆಕ್ಕ ಮೊದಲಿನಂತೆಯೇ ಇರಬೇಕೆಂದಿಲ್ಲ. ಮಲೇಷ್ಯಾದ ಕೌಂಟರಿನಲ್ಲಿ ಮಾತ್ರ ಪಾಸ್‌ಪೋರ್ಟಿನ ಮೇಲೆ ಮುದ್ರೆ ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಪ್ರವೇಶದ ಗುರುತಿಲ್ಲದೆ ಒಳಗೆ ಹೋದವರಿಗೆ ಹೊರಬರುವಾಗ ಉತ್ತರ ಕೊಡುವುದು ಕಷ್ಟ.

ಪ್ರಶ್ನೆ: ನಾವು ಸಿಂಗಪುರದಲ್ಲಿ ನೆಲೆಸಿರುವ ಕನ್ನಡಿಗರು. ಸ್ನೇಹಿತರ ಕಾರಿನಲ್ಲಿ ಹೋಗುವಾಗ ದಟ್ಟಣೆ ಹೆಚ್ಚಾದರೆ ಚಾಲಕರೊಬ್ಬರನ್ನು ಬಿಟ್ಟು ಉಳಿದವರು ಇಳಿದು ನಡೆದು, ಆ ಕಡೆ ಊಟಕ್ಕೆ ಜಾಗ ಹಿಡಿಯಬಹುದೇ? (ಓದುಗರು, ಸಿಂಗಪುರ)

ಉತ್ತರ: ಊಟದ ಜಾಗಕ್ಕಾಗಿ ಸ್ನೇಹಿತನನ್ನು ಕಾರಿನಲ್ಲಿ ಒಂಟಿಯಾಗಿ ಬಿಡುವ ನೈತಿಕ ಪ್ರಶ್ನೆಯನ್ನು ನಿಮ್ಮ ಸ್ನೇಹಿತರಿಗೇ ಬಿಟ್ಟಿದ್ದೇನೆ. ಉಳಿದಂತೆ, ಬೇಡ. ಚೆಕ್‌ಪಾಯಿಂಟಿಗೆ ಹೋಗುವ ಬುಕಿತ್ ತಿಮಾ ಎಕ್ಸ್‌ಪ್ರೆಸ್‌ವೇ ಮೇಲೆ ಪಾದಚಾರಿಗಳು ಕಾಲಿಡುವಂತಿಲ್ಲ. ಕಾರಿನ ಬೂತಿನಲ್ಲಿ ತಪಾಸಣೆಯಾಗುವುದು ಕಾರಿನೊಳಗಿರುವ ಎಲ್ಲರಿಗೂ ಒಟ್ಟಾಗಿ. 2024ರ ಮಾರ್ಚ್‌ನಿಂದ ಪಾಸ್‌ಪೋರ್ಟಿನ ಬದಲು ಕ್ಯೂಆರ್ ಕೋಡ್ ತೋರಿಸುವ ಅನುಕೂಲ ಬಂದಮೇಲೆ ಒಂದೇ ಕೋಡ್‌ನಲ್ಲಿ ಇಡೀ ಕುಟುಂಬ ದಾಟಬಹುದಾಗಿದೆ. ಹಾಗೆ ಕಾರಿನ ಲೆಕ್ಕದಲ್ಲಿ ಹೊರಬಿದ್ದವರು ನಡುವೆ ಬಾಗಿಲು ತೆಗೆದು ಇಳಿದರೆ, ಕಾಲಿಡುವುದು ಮೋಟರ್‌ಬೈಕ್‌ಗಳು ಸಂದುಗೊಂದಿನಲ್ಲಿ ನುಗ್ಗುವ ಜಾಗಕ್ಕೆ. ಅಪಘಾತವಾಗುವುದು ಹೀಗೇ.

ತೀರ್ಮಾನವನ್ನು ಮನೆಯಲ್ಲೇ ಮಾಡಿ. ನಡೆಯುವ ಮನಸ್ಸಿದ್ದವರು ಕಾರು ಹತ್ತದೆ ಮೆಟ್ರೋದಲ್ಲಿ ಕ್ರಾಂಜಿಗೆ ಹೋಗಿ 170 ಅಥವಾ ಸಿಡಬ್ಲ್ಯು1, ಇಲ್ಲವೇ ವುಡ್‌ಲ್ಯಾಂಡ್ಸ್‌ಗೆ ಹೋಗಿ 950 ಸಂಖ್ಯೆಯ ಬಸ್ಸು ಹಿಡಿಯಿರಿ. ಕಾರುಗಳ ಸಾಲಿಗಿಂತ ಬಸ್ಸುಗಳ ಸಾಲು ಸಾಮಾನ್ಯವಾಗಿ ಬೇಗ ಸಾಗುತ್ತದೆ. ಸಭಾಂಗಣ ದಾಟಿ ಕೆಳಗಿಳಿದ ಮೇಲೂ ರಸ್ತೆ ಕಟ್ಟಿಕೊಂಡಿದ್ದರೆ ಅಲ್ಲಿಂದ ಕಾಲುದಾರಿ ಹಿಡಿಯಬಹುದು. ಸಭಾಂಗಣದೊಳಗೆ ಫೋಟೋ ತೆಗೆಯಬೇಡಿ, ನಿಷೇಧವಿದೆ.

ಪ್ರಶ್ನೆ: ಬಸ್ಸೂ ಬೇಡ, ನಡಿಗೆಯೂ ಬೇಡ. ಬೇರೆ ದಾರಿ ಇದೆಯೇ? (ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಇದೆ. ವುಡ್‌ಲ್ಯಾಂಡ್ಸ್ ರೈಲು ಚೆಕ್‌ಪಾಯಿಂಟ್‌ನಿಂದ ಜೋಹೊರ್ ಬಾರುವಿನ ಜೆಬಿ ಸೆಂಟ್ರಲ್ ನಿಲ್ದಾಣಕ್ಕೆ ಮಲೇಷ್ಯಾ ರೈಲ್ವೆಯ ಶಟಲ್ ತೆಬ್ರಾವ್ ಎಂಬ ರೈಲು 2015ರಿಂದ ಓಡುತ್ತಿದೆ. ಪ್ರಯಾಣ ಐದೇ ನಿಮಿಷ. ಹೋಗುವಾಗ ಎರಡೂ ದೇಶಗಳ ತಪಾಸಣೆ ವುಡ್‌ಲ್ಯಾಂಡ್ಸ್‌ನಲ್ಲೇ ಮುಗಿಯುವುದರಿಂದ ಆ ಕಡೆ ಇಳಿದವರು ನೇರವಾಗಿ ಊರೊಳಗೆ ನಡೆಯಬಹುದು. ಸಿಂಗಪುರದಿಂದ ಐದು ಡಾಲರ್, ಜೋಹೊರ್‌ನಿಂದ ಐದು ರಿಂಗಿಟ್. ತೊಂದರೆ ಒಂದೇ: ವಾರಾಂತ್ಯದ ಟಿಕೆಟ್‌ಗಳು ಮಾರಾಟ ತೆರೆದ ಕೂಡಲೇ ಮುಗಿದುಹೋಗುತ್ತವೆ, ಆದ್ದರಿಂದ ದಟ್ಟಣೆ ಕಂಡಮೇಲೆ ರೈಲಿಗೆ ಓಡುವುದು ವ್ಯರ್ಥ. ವುಡ್‌ಲ್ಯಾಂಡ್ಸ್ ನಾರ್ತ್ ಮತ್ತು ಬುಕಿತ್ ಚಾಗರ್ ನಡುವೆ ನಾಲ್ಕು ಕಿಲೋಮೀಟರ್ ಉದ್ದದ ಹೊಸ ಆರ್‌ಟಿಎಸ್ ರೈಲು ಮಾರ್ಗವನ್ನು 2026ರ ಕೊನೆಯ ಹೊತ್ತಿಗೆ ಸಿದ್ಧಪಡಿಸುವ ಗುರಿ ಇಟ್ಟುಕೊಳ್ಳಲಾಗಿದೆ. ಗಂಟೆಗೆ ಒಂದು ದಿಕ್ಕಿನಲ್ಲಿ 10,000 ಜನರನ್ನು ಸಾಗಿಸುವ ಸಾಮರ್ಥ್ಯ ಅದರದು.

ಪ್ರಶ್ನೆ: ನಡೆದು ಮರಳುವಾಗ ಕೈಯಲ್ಲಿ ಏನೇನು ತರಬಹುದು? (ಗೃಹಿಣಿ, ದಾವಣಗೆರೆ)

ಉತ್ತರ: ಹೊರಲು ಆಗುವಷ್ಟನ್ನೇ ತನ್ನಿ. ನಿಯಮದ ವಿಷಯಕ್ಕೆ ಬಂದರೆ, 48 ಗಂಟೆಗಿಂತ ಕಡಿಮೆ ಹೊರಗಿದ್ದ ಪ್ರವಾಸಿಗೆ 100 ಸಿಂಗಪುರ ಡಾಲರ್ ಬೆಲೆಯವರೆಗಿನ ಸಾಮಾನಿಗೆ ತೆರಿಗೆ ಇಲ್ಲ. ಅದಕ್ಕೆ ಮೇಲ್ಪಟ್ಟದ್ದಕ್ಕೆ 9 ಶೇಕಡಾ. ಸಿಂಗಪುರದ ಕೆಲಸದ ಪಾಸ್ ಇರುವವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಸಿಗರೇಟಿಗೆ ವಿನಾಯಿತಿಯೇ ಇಲ್ಲ, ಮಲೇಷ್ಯಾದಿಂದ ತರುವ ಮದ್ಯಕ್ಕೂ ಇಲ್ಲ. ಚೂಯಿಂಗ್ ಗಮ್ ಮತ್ತು ಇ-ಸಿಗರೇಟ್ ನಿಷಿದ್ಧ. ಮಾತ್ರೆಗಳನ್ನು ಸೇವಿಸುವ ಹಿರಿಯರು ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಳ್ಳಲಿ. ನಿದ್ರೆಮಾತ್ರೆ ಮತ್ತು ತೀವ್ರ ನೋವುನಿವಾರಕಗಳಲ್ಲಿ ಕೆಲವಕ್ಕೆ ಸಿಂಗಪುರದಲ್ಲಿ ಮುಂಚಿತವಾಗಿ ಅನುಮತಿ ಬೇಕಾಗುತ್ತದೆ.

ಪ್ರಶ್ನೆ: ನಾವು ಗೋರಖಪುರದಿಂದ ಸುನೌಲಿ ಮೂಲಕ ನೇಪಾಳಕ್ಕೆ ಹೋಗಿ ಪಶುಪತಿನಾಥನ ದರ್ಶನ ಮಾಡಬೇಕೆಂದಿದ್ದೇವೆ. ಅಲ್ಲಿ ಲಾರಿಗಳ ಸಾಲು ಮೈಲುಗಟ್ಟಲೆ ಇರುತ್ತದೆ, ಇಳಿದು ನಡೆಯಬೇಕಾಗುತ್ತದೆ ಎಂದು ಹೋಗಿಬಂದವರು ಹೇಳಿದರು. ಜೊತೆಗೆ ಅಮೆರಿಕದ ಪಾಸ್‌ಪೋರ್ಟ್ ಮತ್ತು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವ ಹದಿನಾಲ್ಕು ವರ್ಷದ ಮೊಮ್ಮಗ ಬರುತ್ತಾನೆ. (ಓದುಗರು, ಶಿವಮೊಗ್ಗ)

ಉತ್ತರ: ಇಲ್ಲಿ ನಡೆಯುವುದೇ ಪದ್ಧತಿ. ಗೋರಖಪುರದಿಂದ ನೂರು ಕಿಲೋಮೀಟರ್‌ಗೆ ತುಸು ಕಡಿಮೆ ದೂರದ ಸುನೌಲಿಯಲ್ಲಿ ಬಸ್ಸುಗಳು ಗಡಿಯ ಕಮಾನಿಗೆ ಮುಂಚೆಯೇ ಇಳಿಸುತ್ತವೆ. ಅಲ್ಲಿಂದ ಲಾರಿಗಳ ಪಕ್ಕದಲ್ಲೇ, ಸೈಕಲ್ ರಿಕ್ಷಾಗಳಿಗೂ ಮೂಟೆ ಹೊತ್ತವರಿಗೂ ದಾರಿ ಬಿಡುತ್ತ ನಡೆದರೆ ಕೆಲವೇ ನಿಮಿಷಗಳಲ್ಲಿ ನೇಪಾಳದ ಬೇಲಹಿಯಾ. ಕಾಸ್‌ವೇಗೂ ಇದಕ್ಕೂ ಹೋಲಿಕೆಯಿಲ್ಲ: 1950ರ ಒಪ್ಪಂದದ ಫಲವಾಗಿ ಭಾರತೀಯರಿಗೂ ನೇಪಾಳಿಗಳಿಗೂ ಇದು ತೆರೆದ ಗಡಿ, ವೀಸಾ ಇಲ್ಲ, ಮುದ್ರೆ ಇಲ್ಲ. ನಿಮ್ಮ ಕೈಯಲ್ಲಿ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇರಲಿ. 65 ದಾಟಿದವರಿಗೂ 15ರ ಒಳಗಿನ ಭಾರತೀಯ ಮಕ್ಕಳಿಗೂ ಆಧಾರ್ ಸಾಕಾಗುತ್ತದೆ.

ಆದರೆ ಮೊಮ್ಮಗನ ಲೆಕ್ಕ ಬೇರೆ. ಒಸಿಐ ಕಾರ್ಡ್ ಭಾರತದ ಮಟ್ಟಿಗೆ ಮಾತ್ರ. ನೇಪಾಳದ ದೃಷ್ಟಿಯಲ್ಲಿ ಅವನು ಅಮೆರಿಕದ ಪ್ರಜೆ. ಸುನೌಲಿಯಲ್ಲಿ ಭಾರತದ ನಿರ್ಗಮನ ಮುದ್ರೆಯನ್ನೂ ಬೇಲಹಿಯಾದಲ್ಲಿ ನೇಪಾಳದ ವೀಸಾವನ್ನೂ ಅವನು ಪಡೆಯಲೇಬೇಕು. ಈ ಎರಡೂ ಕಚೇರಿಗಳು ಅಂಗಡಿಗಳ ಸಾಲಿನಲ್ಲಿ ಸುಲಭವಾಗಿ ಕಣ್ತಪ್ಪುತ್ತವೆ. ಸುತ್ತಲಿನ ಜನವೆಲ್ಲ ನಿಲ್ಲದೆ ನಡೆಯುತ್ತಿರುವಾಗ ನೀವೂ ಅವರ ಜೊತೆಗೆ ನಡೆದುಬಿಡುತ್ತೀರಿ, ಯಾರೂ ತಡೆಯುವುದಿಲ್ಲ. ಕಠ್ಮಂಡುವಿನಿಂದ ಮರಳುವಾಗ ಹುಡುಗನ ಪಾಸ್‌ಪೋರ್ಟಿನಲ್ಲಿ ಮುದ್ರೆ ಇಲ್ಲವೆಂದು ತಿಳಿದರೆ ದಂಡ, ವಿಳಂಬ, ತಪ್ಪಿದ ವಿಮಾನ ಎಲ್ಲವೂ ಸಾಧ್ಯ. ಇಳಿದ ಕೂಡಲೇ ಎರಡೂ ಕಚೇರಿಗಳು ಎಲ್ಲಿವೆಯೆಂದು ಕೇಳಿಕೊಂಡು ಮೊದಲು ಅಲ್ಲಿಗೆ ಹೋಗಿ. ವೀಸಾ ಶುಲ್ಕಕ್ಕೆ ಅಮೆರಿಕದ ಡಾಲರ್ ನೋಟುಗಳನ್ನೂ ಅವನ ಒಂದೆರಡು ಫೋಟೋಗಳನ್ನೂ ಇಟ್ಟುಕೊಂಡಿರಿ.

ಭಾರತದ ನೂರು ರೂಪಾಯಿಗೆ ನೇಪಾಳದ 160 ರೂಪಾಯಿ ನಿಗದಿತ ದರ. ನೂರರ ನೋಟುಗಳನ್ನೇ ಹೆಚ್ಚಾಗಿ ಒಯ್ಯುವುದು ಕ್ಷೇಮ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿರುತ್ತದೆ, ಬಸ್ಸಿನ ಸಮಯ ಕೇಳುವಾಗ ಇದು ನೆನಪಿರಲಿ. ಗಡಿಯಿಂದ ಕೆಲವು ಕಿಲೋಮೀಟರ್ ದೂರದ ಭೈರಹವಾದಲ್ಲಿ ಒಂದು ರಾತ್ರಿ ತಂಗಿ, ಲುಂಬಿನಿಯನ್ನು ನೋಡಿಕೊಂಡು ಮರುದಿನ ಕಠ್ಮಂಡುವಿಗೆ ಹೊರಡುವುದು ಹಿರಿಯರಿಗೆ ಹಿತ, ಏಕೆಂದರೆ ಅಲ್ಲಿಂದ ಮುಂದಿನದು ದಿನವಿಡೀ ಹಿಡಿಯುವ ಗುಡ್ಡದ ರಸ್ತೆ. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರೇ ಆದ್ದರಿಂದ ದೇವಸ್ಥಾನದಲ್ಲಿ ಭಾಷೆಯ ಚಿಂತೆ ಬೇಡ.